ಮೊಡರೇಶನ್ ಇಲ್ಲದೆ ಪಾಸಾದ ಎಂಜಿನ್

ನನ್ನ ದೊಡ್ಡಮ್ಮ ಈ ಲೋಕದಲ್ಲಿ ಫೇಲ್ ಮಾಡದೆ ಬಿಟ್ಟದ್ದು ಒಂದೇ ಒಂದು ವಸ್ತುವನ್ನು. ಅದೂ ಮನುಷ್ಯನನ್ನಲ್ಲ, ಒಂದು ಹಳೆಯ ದೋಣಿಯ ಎಂಜಿನ್ನನ್ನು!

ಮೂವತ್ತು ವರ್ಷ ಕೇರಳದ ಕನ್ನಡ ಮೀಡಿಯಂ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಶಾಲೆ ಬಿಟ್ಟರೂ ಕೆಂಪು ಪೆನ್ನು ಬಿಟ್ಟಿಲ್ಲ. ಮದುವೆ ಊಟಕ್ಕೆ ಹೋದರೆ ಬಾಳೆಲೆ ಮಡಚುವ ಮೊದಲೇ ಫಲಿತಾಂಶ ಪ್ರಕಟ: "ಪಾಯಸ ಎಂಟು, ಸಾರು ನಾಲ್ಕು. ಮದುಮಗ ಐದೂವರೆ, ಅದೂ ಮೀಸೆ ಉಂಟು ಅಂತ." ನಾನು ನಾಯ್ಮಾರ್ಮೂಲೆಯಲ್ಲಿ ಮನೆ ಕಟ್ಟಿಸಿ ಕರೆದಾಗ ಮೆಟ್ಟಿಲ ಬುಡದಲ್ಲೇ ನಿಂತು, "ಒಂದು ಎತ್ತರ, ಒಂದು ತಗ್ಗು. ಇದನ್ನು ಯಾರದ್ದು ನೋಡಿ ಕಾಪಿ ಹೊಡೆದದ್ದು ಮಾರಾಯ?" ಎಂದರು. ನಲುವತ್ತೆರಡು ವರ್ಷದ ನಾನು ಕೈಕಟ್ಟಿ ನಿಂತೆ. ನಗಬೇಡಿ, ನೀವಾದರೂ ನಿಲ್ಲುತ್ತಿದ್ದಿರಿ!

ಎಂಜಿನ್ ದೊಡ್ಡಪ್ಪನದು. ಅವರ ಮನೆ ಮೊಗ್ರಾಲಿನ ಹತ್ತಿರ, ಹೊಳೆಯ ಬದಿಯಲ್ಲೇ. ದೋಣಿಯ ಹಿಂಬದಿಗೆ ಸಿಕ್ಕಿಸುವ ಎರಡು ಸಿಲಿಂಡರಿನ ಆ ಎಂಜಿನ್ ಕಟ್ಟಿಕೊಂಡು ಅವರು ಹೊಳೆ ಕಡಲು ಸೇರುವ ಅಳಿವೆಯವರೆಗೆ ಹೋಗಿ ಬಲೆ ಬೀಸಿ ಬರುತ್ತಿದ್ದರು. ಎಂಜಿನ್ ಹಠ ಹಿಡಿದರೆ ಅವರದೊಂದು ಕ್ರಮವಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಹಗ್ಗ ಎಳೆಯುವುದು. ಒಳಗಿನ ಗಾಳಿ ಬೆರಳನ್ನು ದಬಕ್ಕನೆ ತಳ್ಳಿದರೆ, ಆಚೆ ದಡಕ್ಕೆ ಕೇಳುವಂತೆ "ಉಂಟು!" ಎನ್ನುವುದು. ಎಂಜಿನ್ನಿನಲ್ಲಿ ಜೀವ ಉಂಟು ಎಂದು ಅರ್ಥ.

ಕಳೆದ ವರ್ಷ ದೊಡ್ಡಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಸೋತವು, ಮಾತು ನಿಂತಿತು. ಅಷ್ಟು ಗಂಟಲಿದ್ದ ಮನುಷ್ಯ ಜಗಲಿಯ ಕುರ್ಚಿಯಲ್ಲಿ ಕೂತು ಸುಮ್ಮನೆ ಹೊಳೆ ನೋಡತೊಡಗಿದರು. "ಇನ್ನು ಇಷ್ಟೇ" ಎಂದರು ಡಾಕ್ಟರು. ದೊಡ್ಡಮ್ಮ ಡಾಕ್ಟರಿಗೆ ಹತ್ತರಲ್ಲಿ ಎರಡು ಕೊಟ್ಟು ಮನೆಗೆ ಬಂದವರೇ ಶಪಥ ಮಾಡಿದರು: ಇವರನ್ನು ದೋಣಿಯಲ್ಲಿ ಅಳಿವೆಗೆ ಕರೆದುಕೊಂಡು ಹೋಗಿಯೇ ಸಿದ್ಧ. ಅದೂ ಇದೇ ಎಂಜಿನ್ನಿನಲ್ಲಿ, ಇವರೇ ಓಡಿಸಬೇಕು!

ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತುಕೊಂಡರು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಅವರ ಅಳಿಯ, ಅಂದರೆ ನನ್ನ ಭಾವ, ಮೆಲ್ಲಗೆ ಬಾಯಿ ಬಿಟ್ಟರು. "ಅತ್ತೇ, ಇದು ಆಗುವ ಹೋಗುವ ಮಾತಾ? ಎಂಜಿನ್ ಗುಜರಿಗೆ ಹಾಕುವ. ಶನಿವಾರ ಪಿಕಪ್ ಬರ್ತದೆ."

"ಅದರ ಹಿಡಿಕೆ ತಿರುಗಿಸಲಿಕ್ಕೆ ಎಡಗೈ ಸಾಕು. ಎಡಗೈ ಉಂಟಲ್ಲ ಅವರಿಗೆ? ನಿಮಗೆ ಎರಡೂ ಕೈ ಉಂಟು, ಒಂದು ತೆಂಗಿನಕಾಯಿ ಸುಲಿಯಲಿಕ್ಕೆ ಬರುವುದಿಲ್ಲ!"

ಕೊನೆಗೆ ರಾಜಿಯಾಯಿತು. ಮೆಕ್ಯಾನಿಕ್ ಬಂದು ನೋಡಲಿ, ಆಗುವುದಿಲ್ಲ ಅಂದರೆ ಗುಜರಿಗೆ. ಅನಂತಪುರದ ಕಡೆ ವರ್ಕ್‌ಶಾಪ್ ಇಟ್ಟಿರುವ ಮೆಕ್ಯಾನಿಕ್ ಬಂದ. ಪಾಪ, ಎಂಟನೇ 'ಬಿ'ಯಲ್ಲಿ ಅವನು ದೊಡ್ಡಮ್ಮನ ಶಿಷ್ಯನೇ. ಅಂಗಳದ ಸ್ಟ್ಯಾಂಡಿಗೆ ಬಿಗಿದಿದ್ದ ಎಂಜಿನ್ನಿನ ಪ್ಲಗ್ ಒಂದೊಂದೇ ಬಿಚ್ಚಿ, ಆ ಜಾಗಕ್ಕೆ ಮುಳ್ಳಿನ ಗೇಜ್ ಸಿಕ್ಕಿಸಿ ಹಗ್ಗ ಎಳೆದ. ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅದು ತೋರಿಸುತ್ತದೆ. ಮೇಲಿನ ಸಿಲಿಂಡರ್ ಎಪ್ಪತ್ತು, ಕೆಳಗಿನದು ನಲುವತ್ತೈದು.

"ಟೀಚರೇ, ಇದರ ಕತೆ ಮುಗಿಯಿತು. ನೂರರ ಹತ್ತಿರ ಬರಬೇಕಿತ್ತು."

ಭಾವ ಫೋನ್ ಕೈಗೆತ್ತಿಕೊಂಡರು.

"ಫೋನ್ ಕಿಸೆಯಲ್ಲಿಡಿ!" ದೊಡ್ಡಮ್ಮ ಗುಡುಗಿದರು. "ಅಲ್ಲ ಮಾರಾಯ, ವರ್ಷವಿಡೀ ಮಲಗಿದ್ದವನನ್ನು ಎಬ್ಬಿಸಿ, ಒಂದು ಚಾ ಸಹ ಕೊಡದೆ ಪರೀಕ್ಷೆಗೆ ಕೂರಿಸುವುದಾ? ಪುಸ್ತಕದಲ್ಲಿ ಎಂತ ಬರೆದಿದೆ, ಓದು!" ಅವರ ಕೈಯಲ್ಲಿ ಎಂಜಿನ್ನಿನ ಜೊತೆ ಬಂದಿದ್ದ ಪುಸ್ತಕ, ಪುಟ ತುಂಬ ಕೆಂಪು ಗೆರೆ! ಎಂಜಿನ್ ಬಿಸಿಯಾಗಿರಬೇಕು, ಎರಡೂ ಪ್ಲಗ್ ಬಿಚ್ಚಿರಬೇಕು, ಗಾಳಿ ಒಳಗೆ ಹೋಗುವಂತೆ ಥ್ರಾಟಲ್ ಪೂರ್ತಿ ತೆರೆದಿರಬೇಕು. ಮಹಾಶಯ ಮೂರರಲ್ಲಿ ಒಂದನ್ನೂ ಮಾಡಿರಲಿಲ್ಲ. "ಆಗಲೂ ಪ್ರಶ್ನೆ ಓದದೆ ಉತ್ತರ ಬರೆಯುತ್ತಿದ್ದೆ, ಈಗಲೂ ಹಾಗೇ! ಇನ್ನೊಮ್ಮೆ ಮಾಡು."

ಎಂಜಿನ್ನನ್ನು ನೀರಿನ ಡ್ರಮ್ಮಿಗೆ ಇಳಿಸಿ ಚಾಲೂ ಮಾಡಿದೆವು. ಅದರ ಸೀಮೆಎಣ್ಣೆ ಹೊಗೆಗೆ ಪಕ್ಕದ ಮನೆಯ ಕೋಳಿಗಳು ಮಾಡು ಹತ್ತಿದವು. ಬಿಸಿಯಾದ ಮೇಲೆ ಮತ್ತೆ ಗೇಜ್ ಹಾಕಿದರೆ ತೊಂಬತ್ತೆಂಟು, ಎಪ್ಪತ್ತನಾಲ್ಕು.

"ಎಪ್ಪತ್ತನಾಲ್ಕು! ಫಸ್ಟ್ ಕ್ಲಾಸ್!" ಎಂದು ನಾನು ಚಪ್ಪಾಳೆ ತಟ್ಟಿದೆ.

"ನಿನ್ನ ತಲೆ! ಎರಡೂ ಎಂಬತ್ತು ಬಂದಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಇಲ್ಲಿ ನೋಡಬೇಕಾದ್ದು ಎರಡರ ನಡುವಿನ ಅಂತರ. ನೂರಕ್ಕೆ ಹತ್ತರವರೆಗೆ ಇರಬಹುದು, ಇಲ್ಲಿ ಹತ್ತಿರ ಹತ್ತಿರ ಕಾಲುಭಾಗ ಉಂಟು. ಒಂದು ದುಡಿಯುತ್ತದೆ, ಇನ್ನೊಂದು ಸೋಲುತ್ತದೆ."

ಮೆಕ್ಯಾನಿಕ್ ತಲೆ ಕೆರೆದುಕೊಂಡು, ಕೆಳಗಿನ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಪುನಃ ಎಳೆದ. ಮುಳ್ಳು ತೊಂಬತ್ತೆರಡಕ್ಕೆ ಹಾರಿತು! ನಾನು ಮತ್ತೆ ಕೈ ಎತ್ತುವಷ್ಟರಲ್ಲಿ ದೊಡ್ಡಮ್ಮ ಕಣ್ಣು ಬಿಟ್ಟರು.

"ಅದು ಮೊಡರೇಶನ್!"

ಕೇರಳದಲ್ಲಿ ಓದಿದವರಿಗೆ ಈ ಶಬ್ದ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಮುಳುಗುವ ಮಕ್ಕಳನ್ನು ತೇಲಿಸಲು ಎಸ್ಸೆಸ್ಸೆಲ್ಸಿಯಲ್ಲಿ ಮೇಲಿನಿಂದ ಸುರಿಯುವ ಅಂಕ. ನಾನು ತೇಲಿದ್ದೂ ಹಾಗೆಯೇ.

"ಎಣ್ಣೆ ಇಳಿದ ಮೇಲೆ ಮತ್ತೆ ಎಪ್ಪತ್ತನಾಲ್ಕೇ," ಎಂದರು ದೊಡ್ಡಮ್ಮ, ಪುಸ್ತಕದ ಪುಟ ಮಗುಚುತ್ತ. " ಆದರೆ ಒಂದು ಗೊತ್ತಾಯಿತಲ್ಲ? ಎಣ್ಣೆಗೆ ಏರಿತು ಅಂದರೆ ಪಿಸ್ಟನ್ ಸುತ್ತಲಿನ ರಿಂಗಿನ ಬದಿಯಿಂದ ಗಾಳಿ ಸೋರುತ್ತದೆ. ರಿಂಗ್ ಸವೆದಿದೆಯೋ, ಅಲ್ಲ ಮಸಿ ಹಿಡಿದು ಅಂಟಿದೆಯೋ?"

"ಅಂಟಿದ್ದರೆ ಬಿಡಿಸಬಹುದು ಟೀಚರೇ," ಎಂದ ಮೆಕ್ಯಾನಿಕ್. ಅವನ ದನಿ ಈಗ ಬೇರೆಯೇ ಆಗಿತ್ತು.

ಶುರುವಾಯಿತು ನಾಲ್ಕು ದಿನದ ಸ್ಪೆಷಲ್ ಕ್ಲಾಸ್! ಬೆಳಿಗ್ಗೆ ಸಂಜೆ ಅವನು ಬಂದು ಮಸಿ ಬಿಡಿಸುವ ಮದ್ದು ಹಾಕಿ, ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಿದ್ದ. ಅದೇ ಹೊತ್ತಿಗೆ ಜಗಲಿಯಲ್ಲಿ ದೊಡ್ಡಮ್ಮ ದೊಡ್ಡಪ್ಪನ ಬಲಗೈಗೆ ಎಣ್ಣೆ ತಿಕ್ಕಿ, "ಒಂದು, ಎರಡು, ಮೂರು" ಎಂದು ಬೆರಳು ಮಡಚಿ ಬಿಡಿಸುತ್ತಿದ್ದರು. ನಡುವೆ ಅಂಗಳಕ್ಕೂ ಒಂದು ಬೈಗುಳ ಹೋಗುತ್ತಿತ್ತು. "ಅವಸರ ಮಾಡಬೇಡ! ಒತ್ತಾಯಕ್ಕೆ ಯಾವುದೂ ಬಿಡಿಸಿಕೊಳ್ಳುವುದಿಲ್ಲ." ಯಾರಿಗೆ ಹೇಳಿದ್ದೋ, ಮೆಕ್ಯಾನಿಕ್ ಮಾತ್ರ ಪ್ರತಿಸಲ "ಆಯಿತು ಟೀಚರೇ" ಎನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ಗುಜರಿಯ ಪಿಕಪ್ ಗೇಟಿನ ಹೊರಗೆ ಬಂದು ನಿಂತಿತು. ಎಂಜಿನ್ ಓಡಿಸಿ, ಹಾಕಿದ ಮದ್ದೆಲ್ಲ ಸುಟ್ಟುಹೋದ ಮೇಲೆ ಗೇಜ್ ಹಾಕಿದೆವು. ಮೇಲೆ ತೊಂಬತ್ತೆಂಟು. ಕೆಳಗೆ ಎಂಬತ್ತೊಂಬತ್ತು!

"ಟೀಚರೇ, ಮೊಡರೇಶನ್ ಇಲ್ಲದೆ!" ಮೆಕ್ಯಾನಿಕ್ ಕುಣಿದ.

ಭಾವ ಗೇಟಿನ ಕಡೆ ನೋಡಿ, "ಆ ಗೇಜ್ ಸರಿ ಉಂಟಾ?" ಎಂದರು.

ದೊಡ್ಡಮ್ಮನ ಮುಖ ಕೆಂಪಾಯಿತು. "ಗೇಜ್ ನಂಬಿಕೆ ಇಲ್ಲವಾ? ಬೇಡ. ಈ ಮನೆಯಲ್ಲಿ ಗೇಜ್ ಬರುವ ಮೊದಲೇ ಎಂಜಿನ್ ಓಡಿದೆ. ಕುರ್ಚಿ ತನ್ನಿ!"

ದೊಡ್ಡಪ್ಪನನ್ನು ಕುರ್ಚಿ ಸಮೇತ ಅಂಗಳಕ್ಕೆ ಇಳಿಸಿದೆವು. ದೊಡ್ಡಮ್ಮ ಅವರ ಎಡಗೈಯ ಹೆಬ್ಬೆರಳನ್ನು ಕೆಳಗಿನ ಸಿಲಿಂಡರಿನ ತೂತಿಗೆ ಒತ್ತಿ, ತಮ್ಮ ಕೈ ತೆಗೆದರು. ನಾನು ಹಗ್ಗ ಎಳೆದೆ.

ದಬಕ್! ಬೆರಳು ಹಾರಿತು. ದೊಡ್ಡಪ್ಪ ಆ ಬೆರಳನ್ನೇ ನೋಡಿದರು. ಗಂಟಲು ಅಲುಗಿತು, ತುಟಿ ಓರೆಯಾಯಿತು, ಏನೋ ಒಳಗೇ ಸಿಕ್ಕಿಕೊಂಡು ಒದ್ದಾಡಿತು. ಆಮೇಲೆ ಹೊರಗೆ ಬಂತು.

"ಉಂ... ಉಂಟು."

ಆಚೆ ದಡಕ್ಕೆ ಕೇಳುವಂತೆ ಅಲ್ಲ. ನಮ್ಮ ನಾಲ್ವರಿಗೆ ಕೇಳುವಷ್ಟೇ. ಭಾವ ಗೇಟಿನ ಹತ್ತಿರ ಹೋಗಿ ಪಿಕಪ್ಪಿನವನನ್ನು ಕಳಿಸಿಬಿಟ್ಟರು. ಮೆಕ್ಯಾನಿಕ್ ಗೇಜ್ ಒರೆಸುತ್ತ ಆಚೆ ತಿರುಗಿದ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ?

ದೊಡ್ಡಮ್ಮ ಮಾತ್ರ ಕೆಂಪು ಪೆನ್ನು ಹಿಡಿದುಕೊಂಡು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು. ತಿರುಗದೆಯೇ ಹೇಳಿದರು:

"ಇನ್ನೊಮ್ಮೆ ಎಳೆ ಮಾರಾಯ. ನನಗೆ ಸರಿ ಕೇಳಲಿಲ್ಲ."