ಮುಳುಗಿದ ಹಿಟ್ಟು, ತೇಲಿದ ಅಂಕ

ಹೊಸ ವರ್ಷದ ಮೊದಲ ಮಧ್ಯಾಹ್ನ, ಹಿಂದಿನ ದಿನದ ಹಬ್ಬದಡುಗೆಯನ್ನೇ ಬಿಸಿ ಮಾಡಿ ಬಡಿಸಿಕೊಂಡು ಕೂತಿದ್ದಾಗ, ನಮ್ಮ ಬೀದಿಯ ನಾರ್ಸಿಸೊ ಮೇಜು ಗುದ್ದಿ ಘೋಷಿಸಿದ: "ಇವತ್ತಿಂದ ಈ ಮನೆಯಿಂದ ಸಕ್ಕರೆ ಗಡಿಪಾರು! ಎಣ್ಣೆ ಗಡಿಪಾರು! ಕೊಬ್ಬು ಗಡಿಪಾರು!"

"ಮೊದ್ಲು ನಿನ್ನ ಬಾಯಲ್ಲಿರೋದನ್ನ ಗಡಿಪಾರು ಮಾಡು ಗುಂಡ, ಆಮೇಲೆ ಮಾತಾಡು," ಅಂದಳು ಹೆಂಡತಿ ಎಲ್ವೀರಾ.

ನಮ್ಮ ಪ್ವೆಬ್ಲಾ ಊರಿನಲ್ಲಿ ಗಂಡನನ್ನು ಗುಂಡ ಅನ್ನುವುದು, ಮಗಳನ್ನು ಗುಂಡಮ್ಮ ಅನ್ನುವುದು ಬೈಗುಳವಲ್ಲ, ಮುದ್ದು. ಆದರೆ ಆ ಮನೆಯಲ್ಲಿ ಎರಡೂ ಹೆಸರು ಅಕ್ಷರಶಃ ಒಪ್ಪುತ್ತಿದ್ದವು. ಹನ್ನೊಂದು ವರ್ಷದ ಮಗಳು ಪಲೋಮಾ ಉಂಡುಟ್ಟು ತುಂಬಿಕೊಂಡ ಹುಡುಗಿ. ಎತ್ತರವೂ ಇದ್ದಳು, ಅಗಲವೂ ಇದ್ದಳು, ನಗು ಎರಡಕ್ಕಿಂತ ದೊಡ್ಡದಿತ್ತು. ಅಪ್ಪನೂ ಹಾಗೆಯೇ, ಆದರೆ ಅವನು ಅದನ್ನು "ಮೂಳೆ ದಪ್ಪ" ಎನ್ನುತ್ತಿದ್ದ.

ಘೋಷಣೆಗೆ ಕಾರಣ ಬಾವುಟ. ಪ್ರತಿ ಸೋಮವಾರ ಶಾಲೆಯಂಗಳದಲ್ಲಿ ಬಾವುಟ ಹೊತ್ತು ಹೆಜ್ಜೆ ಹಾಕುವ ದಳಕ್ಕೆ ಆರೇ ಮಕ್ಕಳು, ಅದೂ ಹೆಚ್ಚು ಅಂಕ ತೆಗೆದವರು. ಐದು ಜಾಗ ತುಂಬಿತ್ತು. ಫೆಬ್ರವರಿಯ ಪರೀಕ್ಷೆಯಲ್ಲಿ ಗೆದ್ದವರಿಗೆ ಆರನೆಯದು. ಇಪ್ಪತ್ನಾಲ್ಕನೇ ತಾರೀಖಿನ ಧ್ವಜ ದಿನಕ್ಕೆ ಬಿಳಿ ಕೈಗವಸು ಹಾಕಿಕೊಂಡು ನಡೆಯಬೇಕೆಂದು ಪಲೋಮಾ ಮೂರನೇ ಕ್ಲಾಸಿನಿಂದ ಕನಸು ಕಾಣುತ್ತಿದ್ದಳು. ಮಲಗುವ ಮುಂಚೆ ಪೊರಕೆ ಹಿಡಿದು ಹಜಾರದಲ್ಲಿ ಅಭ್ಯಾಸ ಮಾಡುತ್ತಿದ್ದಳು. ಹತ್ತಕ್ಕೆ ಒಂಬತ್ತು ಬರುತ್ತಿತ್ತು. ಬೇಕಾದದ್ದು ಒಂಬತ್ತೂವರೆ.

ಡಿಸೆಂಬರಿನಲ್ಲಿ ಶಾಲೆಯಲ್ಲಿ ಮಕ್ಕಳನ್ನೆಲ್ಲ ತೂಗಿ, ಒಬ್ಬ ಡಾಕ್ಟರು ಬಂದು ಅಪ್ಪ-ಅಮ್ಮಂದಿರಿಗೆ ಭಾಷಣ ಮಾಡಿದ್ದರು. "ತೂಕ ಹೆಚ್ಚಿರುವ ಮಕ್ಕಳಲ್ಲಿ ಎಷ್ಟೋ ಕಡೆ ಅಂಕ ಕಡಿಮೆ ಕಂಡಿದೆ," ಎಂದರು ಡಾಕ್ಟರು. ಅಷ್ಟು ಕೇಳಿದ್ದೇ ನಾರ್ಸಿಸೊಗೆ ಜ್ಞಾನೋದಯವಾಯಿತು! ಹಿಂದಿನ ಮೇಜಿನ ಮೇಲೆ ಪುಕ್ಕಟೆ ಕಾಫಿ, ಬಿಸ್ಕತ್ತು ಬೇರೆ ಇಟ್ಟಿದ್ದರು. ಉಳಿದ ಭಾಷಣವನ್ನು ಎಲ್ವೀರಾಳಿಗೆ ಬಿಟ್ಟು ಜ್ಞಾನಿಯು ಬಿಸ್ಕತ್ತಿನ ಕಡೆ ನಡೆದ.

"ಡಾಕ್ಟರು ಆಮೇಲೆ ಇನ್ನೊಂದು ಮಾತು ಹೇಳಿದ್ರು ಕಣೋ," ಅಂದಳು ಎಲ್ವೀರಾ.

"ಮೊದಲನೇ ಮಾತೇ ಸಾಕು! ಲೆಕ್ಕ ಸರಳ. ತೂಕ ಇಳೀತು, ಅಂಕ ಏರ್ತು!"

ನಾರ್ಸಿಸೊ ಜನನ-ಮರಣ ನೋಂದಣಿ ಕಚೇರಿಯ ಗುಮಾಸ್ತ. ಕಾಗದದ ಮೇಲೆ ಬರೆದದ್ದೆಲ್ಲ ಲೋಕದಲ್ಲಿ ನಡೆದೇ ತೀರುತ್ತದೆ ಎಂದು ನಂಬಿದವನು. ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಹಾಳೆ ಅಂಟಿಸಿ ಎರಡು ಗೆರೆ ಎಳೆದ. ಕೆಂಪು ಗೆರೆ ಪಲೋಮಾಳ ತೂಕ, ಕೆಳಗೆ ಓಡುತ್ತಿತ್ತು. ಹಸಿರು ಗೆರೆ ಅಂಕ, ಮೇಲೆ ಹಾರುತ್ತಿತ್ತು. ಎರಡನ್ನೂ ಫೆಬ್ರವರಿಯ ತನಕ ಮುಂಚಿತವಾಗಿಯೇ ಎಳೆದು ಮುಗಿಸಿದ.

ಶಾಲೆಯ ಡಬ್ಬಿಯಿಂದ ಸೆಮಿತಾ ಹೋಯಿತು. ಬೆಣ್ಣೆಹಣ್ಣು, ಚೀಸು, ಕರಿದ ಮಾಂಸ ಒತ್ತೊತ್ತಾಗಿ ತುಂಬಿದ ಆ ಎಳ್ಳಿನ ಬನ್ನಿನ ಜಾಗದಲ್ಲಿ ಸೌತೆಕಾಯಿಯ ಮೂರು ಹೋಳು ಬಂದವು. ಜೊತೆಗೆ ಅಪ್ಪನ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ: "ಹಸಿವು ಬುದ್ಧಿಯನ್ನು ಚುರುಕುಗೊಳಿಸುತ್ತದೆ. ನಿನ್ನ ಒಳ್ಳೆಯದಕ್ಕೇ. ಅಪ್ಪ." ಉಳಿದ ಸೆಮಿತಾ ಹಾಳಾಗಬಾರದಲ್ಲ? ಅದನ್ನು ನಾರ್ಸಿಸೊನೇ ಕಚೇರಿಗೆ ಹೊತ್ತುಕೊಂಡು ಹೋಗುತ್ತಿದ್ದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

"ನೀನೂ ತೂಕ ನೋಡ್ಕೊಳ್ಳಪ್ಪ," ಅಂದಳು ಪಲೋಮಾ.

"ದಿನಾ ನೋಡ್ಕೋತೀನಿ ಮಗಳೇ. ಎಂಬತ್ತಾರು! ಹತ್ತು ವರ್ಷದಿಂದ ಒಂದು ಗ್ರಾಂ ಕದಲಿಲ್ಲ," ಎಂದು ಎದೆ ಉಬ್ಬಿಸಿದ. ಎದೆಯ ಜೊತೆ ಹೊಟ್ಟೆಯೂ ಬಂತು.

ಜನವರಿ ಆರರ ಮೂರು ಅರಸರ ಹಬ್ಬ ಕಳೆದು ಶಾಲೆ ತೆರೆದ ದಿನ ಕ್ಲಾಸಿನಲ್ಲಿ ರೋಸ್ಕಾ ಕತ್ತರಿಸುವುದಿತ್ತು. ಮಂಚದಷ್ಟು ಉದ್ದದ, ಬಳೆಯಾಕಾರದ ಸಿಹಿ ಬ್ರೆಡ್ಡು. ಒಳಗೆಲ್ಲೋ ಬೆರಳುಗಾತ್ರದ ಪ್ಲಾಸ್ಟಿಕ್ ಗೊಂಬೆ. ಗೊಂಬೆ ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ ಎರಡರ ಕಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲೆ, ಅಂದರೆ ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ಹಾಕಿಸಬೇಕು. ಇದರಿಂದ ರಾಜನಿಗೂ ಬಿಡುಗಡೆಯಿಲ್ಲ.

"ನನಗೆ ಹೊಲಿಗೆ ಕಾರ್ಖಾನೇಲಿ ರಜೆ ಸಿಗಲ್ಲ. ನೀನೇ ಕ್ಲಾಸಿಗೆ ಹೋಗ್ಬಾ. ಡಾಕ್ಟರು ಅವತ್ತು ಹೇಳಿದ್ದು ಏನಂದ್ರೆ..." ಎಂದು ಎಲ್ವೀರಾ ಶುರು ಮಾಡಿದಳು.

"ಗೊತ್ತು ಗೊತ್ತು! ರೋಸ್ಕಾದಿಂದ ಮಗೂನ ಕಾಪಾಡ್ಬೇಕು!"

ಕಾಪಾಡಿದ. ಪಲೋಮಾ ಕತ್ತರಿಸಿಕೊಂಡ ತುಂಡನ್ನು ಅವಳ ತಟ್ಟೆಯಿಂದಲೇ ಎತ್ತಿ, ತ್ಯಾಗಮೂರ್ತಿಯ ಮುಖ ಮಾಡಿ, ಇಡಿಯಾಗಿ ಬಾಯಿಗಿಟ್ಟುಕೊಂಡ. ಎರಡನೇ ಅಗಿತಕ್ಕೆ ಹಲ್ಲಿಗೆ ಏನೋ ಕಟಕ್ಕಂದಿತು. ಮೂವತ್ತೆರಡು ಮಕ್ಕಳು, ಒಬ್ಬರು ಟೀಚರ್, ತಲೆಗೆ ಎರಡರಂತೆ ತಮಾಲೆ! ನಾರ್ಸಿಸೊ ಗೊಂಬೆಯನ್ನು ಮೆಲ್ಲನೆ ನಾಲಿಗೆಯಿಂದ ಬಲಗೆನ್ನೆಗೆ ತಳ್ಳಿ ಕಿಟಕಿಯ ಹೊರಗಿನ ಮೋಡ ನೋಡತೊಡಗಿದ.

"ಇನ್ನೂ ಗೊಂಬೆ ಸಿಕ್ಕಿಲ್ಲವಲ್ಲ! ನಾರ್ಸಿಸೊ ಅವರೇ, ನಿಮಗೇನಾದರೂ?" ಎಂದು ಸೊಕೊರ್ರೊ ಟೀಚರ್ ಕೇಳಿದರು.

"ಮ್ಮ್ ಮ್ಮ್."

"ಹಲ್ಲುನೋವೇ?"

"ಮ್ಮ್."

"ಟೀಚರ್," ಅಂದಳು ಪಲೋಮಾ ಶಾಂತವಾಗಿ, "ನಮ್ಮಪ್ಪನ ಕೆನ್ನೇಲಿ ಗೊಂಬೆಯ ಕಾಲು ಎದ್ದು ಕಾಣ್ತಿದೆ."

ಉಪ್ಪು ತಿಂದವನು ನೀರು ಕುಡಿಯಬೇಕು, ರೋಸ್ಕಾ ತಿಂದವನು ತಮಾಲೆ ಹಾಕಿಸಬೇಕು. ನಾರ್ಸಿಸೊ ಇಂಗು ತಿಂದ ಮಂಗನಂತೆ ಮನೆಗೆ ಬಂದ.

ಇತ್ತ ಜನವರಿಯ ಅಂಕಪಟ್ಟಿ ಬಂತು. ಹಸಿರು ಗೆರೆ ಮೇಲೆ ಹಾರುತ್ತಲೇ ಇತ್ತು, ಅಂಕ ಮಾತ್ರ ಒಂಬತ್ತರಿಂದ ಎಂಟಕ್ಕೆ ಬಿದ್ದಿತ್ತು! "ನಮ್ಮ ನದಿಗಳು" ಎಂಬ ಪ್ರಬಂಧದಲ್ಲಿ ಪಲೋಮಾ ಬರೆದಿದ್ದಳು: "ಮಳೆಗಾಲದಲ್ಲಿ ಅವು ಬಿಸಿ ಚಾಕಲೇಟಿನಂತೆ ಹರಿಯುತ್ತವೆ. ದಡದಲ್ಲಿ ಬನ್ನು ಇದ್ದರೆ ಚೆನ್ನಾಗಿತ್ತು."

"ಮಗು ಹಸಿದಿದೆ ಕಣೋ!" ಎಂದು ಎಲ್ವೀರಾ ರೇಗಿದಳು. ಡಬ್ಬಿಗೆ ಗುಟ್ಟಾಗಿ ರೊಟ್ಟಿ ಸೇರಿಸಿದಳು. ಗಂಡ ಅದನ್ನು ಅಷ್ಟೇ ಗುಟ್ಟಾಗಿ ತೆಗೆದ. ಪಲೋಮಾ ಮಾತ್ರ ಗೊಣಗಲಿಲ್ಲ. ಸೌತೆಕಾಯಿ ತಿಂದರೆ ಬಾವುಟ ಸಿಗುತ್ತದೆ ಎಂದು ಅಪ್ಪ ಹೇಳಿದ್ದನಲ್ಲ. ಪೊರಕೆ ಹಿಡಿದು ಹೆಜ್ಜೆ ಹಾಕುವಾಗ ಹೊಟ್ಟೆ ಗುರ್ರೆನ್ನುವುದು ಅಡುಗೆಮನೆಗೂ ಕೇಳುತ್ತಿತ್ತು. ನಾರ್ಸಿಸೊಗೂ ಕೇಳಿಸಿತು, ಎದ್ದು ಫ್ರಿಜ್ಜಿನ ತನಕ ಹೋದ. ಆದರೂ ಹಾಳೆಯ ಮೇಲೆ ಗೆರೆ ಎಳೆದಾಗಿತ್ತು!

ಫೆಬ್ರವರಿ ಒಂದರಂದು ಅವನು ಸೊಂಟಕ್ಕೆ ಬಟ್ಟೆ ಕಟ್ಟಿ ತಮಾಲೆಯ ಹಿಟ್ಟು ಕಲಸಲು ಕೂತ. ಹಂದಿಕೊಬ್ಬಿಲ್ಲ, ಉಪ್ಪಿಲ್ಲ, ಮೆಕ್ಕೆಜೋಳಕ್ಕೆ ಅರ್ಧದಷ್ಟು ಗೋಧಿ ಹೊಟ್ಟು. ಅತ್ತೆ ಕೇತಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಐವತ್ತು ವರ್ಷ ಬೀದಿಯ ಮೂಲೆಯಲ್ಲಿ ತಮಾಲೆ ಮಾರಿದ ಮುದುಕಿ. ಒಂದು ಲೋಟ ನೀರು ತಂದು ಅಳಿಯನ ಮುಂದೆ ಕುಕ್ಕಿದಳು.

"ಒಂದು ಚಿಟಿಕೆ ಹಿಟ್ಟು ಹಾಕಿ ಅಳಿಯಂದ್ರೇ. ತೇಲಿದ್ರೆ ತಮಾಲೆ. ಮುಳುಗಿದ್ರೆ ಇಟ್ಟಿಗೆ."

ಹಾಕಿದ. ಕಲ್ಲು ಹಾಕಿದಂತೆ ಬುಳುಕ್ಕೆಂದು ತಳ ಸೇರಿತು.

"ಆರೋಗ್ಯ ಯಾವತ್ತೂ ಭಾರವಾಗೇ ಇರುತ್ತೆ ಅತ್ತೆ!"

"ಹಂಗಾದ್ರೆ ನೀವು ಭಾರೀ ಆರೋಗ್ಯವಂತರು," ಎಂದು ಹೇಳಿ ಅತ್ತೆ ಹೊರಟುಹೋದಳು.

ಹಬ್ಬದ ದಿನ ಮತ್ತೆ ಎಲ್ವೀರಾಳೇ ಗಂಡನನ್ನು ಕ್ಲಾಸಿಗೆ ಅಟ್ಟಿದಳು. ಮೂವತ್ತೆರಡು ಮಕ್ಕಳು ಸಿಪ್ಪೆ ಬಿಚ್ಚಿ ಕಚ್ಚಿದರು. ಅಗಿಯಲಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಾಯಿಂದ ಏನೋ ತೆಗೆದು ಎತ್ತಿ ತೋರಿಸಿದಳು. "ಟೀಚರ್, ನಂಗೂ ಗೊಂಬೆ ಸಿಕ್ತು!" ಅದು ಗೊಂಬೆಯಲ್ಲ, ಎರಡು ವಾರದಿಂದ ಅಲ್ಲಾಡುತ್ತಿದ್ದ ಅವಳ ಹಲ್ಲು.

ಅಷ್ಟರಲ್ಲಿ ಬಾಗಿಲಲ್ಲಿ ಹಬೆ ಕಾಣಿಸಿತು. ಹಬೆಯ ಹಿಂದೆ ದೊಡ್ಡ ಪಾತ್ರೆ, ಪಾತ್ರೆಯ ಹಿಂದೆ ಕೇತಮ್ಮ! ಹಸಿ ಮೆಣಸಿನ ಕೋಳಿ ತಮಾಲೆ, ಅನಾನಸ್ಸಿನ ಸಿಹಿ ತಮಾಲೆ. ಮಕ್ಕಳು ಕಿರುಚಿದ್ದಕ್ಕೆ ಪಕ್ಕದ ಕ್ಲಾಸಿನವರು ಭೂಕಂಪವೆಂದು ಅಂಗಳಕ್ಕೆ ಓಡಿದರಂತೆ. ಪಲೋಮಾ ಅಪ್ಪನ ಮುಖ ನೋಡಿದಳು. ಅಪ್ಪ ತಲೆ ತಗ್ಗಿಸಿ, "ತಿನ್ನು ಗುಂಡಮ್ಮ," ಅಂದ. ತಿಂಗಳ ನಂತರ ಆ ಹೆಸರು ಅವನ ಬಾಯಿಗೆ ಬಂದಿತ್ತು.

ಕೂರಲು ಜಾಗವಿದ್ದದ್ದು ಮಗಳ ಪಕ್ಕ, ಕಟ್ಟಕಡೆಯ ಬೆಂಚಿನಲ್ಲಿ. ಹೇಗೋ ತೂರಿಕೊಂಡು ಕೂತ.

"ಮಕ್ಕಳು ಬೋರ್ಡಿನ ಮೇಲೆ ನಿಮಗೊಂದು ಧನ್ಯವಾದ ಬರೆದಿದ್ದಾರೆ. ಜೋರಾಗಿ ಓದಿ ಹೇಳಿ," ಎಂದರು ಟೀಚರ್.

ನಾರ್ಸಿಸೊ ಕಣ್ಣು ಕಿರಿದು ಮಾಡಿದ. ಬೋರ್ಡಿನ ಮೇಲೆ ಬಿಳಿ ಇರುವೆಗಳ ಮೆರವಣಿಗೆ ಕಂಡಿತು. "ಪಲೋಮಾ, ಏನೇ ಅದು?" ಎಂದು ಪಿಸುಗುಟ್ಟಿದ.

"ನಂಗೂ ಇಲ್ಲಿಂದ ಕಾಣಲ್ಲಪ್ಪ."

"ಕಾಣಲ್ವಾ? ಮತ್ತೆ ಲೆಕ್ಕ ಹೆಂಗೆ ಬರ್ಕೋತೀಯ?"

"ಟೀಚರ್ ಬಾಯಲ್ಲಿ ಹೇಳಿದ್ದು ಬರ್ಕೋತೀನಿ. ಮಿಕ್ಕಿದ್ದು ಊಹೆ."

ಊಹೆಯಲ್ಲೇ ಒಂಬತ್ತು! ನಾರ್ಸಿಸೊಗೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ. "ಯಾಕಮ್ಮಾ ಮನೇಲಿ ಹೇಳ್ಲಿಲ್ಲ?"

"ನೀನು ದಿನಾ ಕೇಳಿದ್ದು ಏನು ತಿಂದೆ ಅಂತ ತಾನೇ?"

ಟೀಚರಿಗೂ ಮುಖ ಸಣ್ಣದಾಯಿತು. "ಅವಳು ದೊಡ್ಡಾಕೆ, ಮುಂದೆ ಕೂತರೆ ಚಿಕ್ಕವರಿಗೆ ಬೋರ್ಡು ಕಾಣಲ್ಲ ಅಂತ ಹಿಂದೆ ಕೂರಿಸಿದ್ದೆ," ಎಂದರು. ನಾರ್ಸಿಸೊ ಕೂತಿದ್ದ ಬೆಂಚನ್ನು ಕೈಯಿಂದ ಸವರಿದ. ನಲವತ್ತು ವರ್ಷದ ಹಿಂದೆ ಅವನನ್ನೂ ಇದೇ ಮಾತು ಹೇಳಿ ಇಂಥದೇ ಬೆಂಚಿಗೆ ಕಳಿಸಿದ್ದರು. ತಾನು ದಡ್ಡ, ದಪ್ಪಗಿರುವುದಕ್ಕೇ ದಡ್ಡ ಎಂದು ಅವನು ಇಷ್ಟು ವರ್ಷ ಮನಸ್ಸಿನಲ್ಲೇ ನಂಬಿಕೊಂಡಿದ್ದ.

ಆ ವಾರವೇ ಅಪ್ಪ-ಮಗಳಿಬ್ಬರಿಗೂ ಕನ್ನಡಕ ಬಂತು. ಪಲೋಮಾ ಗೋಡೆ ಪಕ್ಕದ ಸಾಲಿನ ಮುಂದಿನ ಬೆಂಚಿಗೆ ಬಂದಳು, ಡಬ್ಬಿಗೆ ಸೆಮಿತಾ ಮರಳಿತು, ಜೊತೆಗೆ ಸೌತೆಕಾಯಿಯೂ ಉಳಿಯಿತು. ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಮುಕ್ಕಾಲು! ಕೆಂಪು ಗೆರೆ ಏನೇ ಹೇಳಲಿ, ತೂಕ ಮಾತ್ರ ಡಿಸೆಂಬರಿನಲ್ಲಿದ್ದ ಕಡೆಯೇ ಸುಖವಾಗಿ ಮಲಗಿತ್ತು. ಧ್ವಜ ದಿನದಂದು ಬಿಳಿ ಕೈಗವಸು ತೊಟ್ಟು ಅವಳು ಅಂಗಳ ಸುತ್ತುವಾಗ ಎಡವಲಿಲ್ಲ, ಹೊಟ್ಟೆಯೂ ಗುರ್ರೆನ್ನಲಿಲ್ಲ. ನಾರ್ಸಿಸೊ ಹೊಸ ಕನ್ನಡಕವನ್ನು ಮೂರು ಸಲ ಒರೆಸಿಕೊಂಡ.

"ಆ ಡಾಕ್ಟರು ಇನ್ನೊಂದು ಮಾತು ಹೇಳಿದ್ರು ಅಂತಿದ್ಯಲ್ಲ, ಏನದು?" ಎಂದು ದಾರಿಯಲ್ಲಿ ಹೆಂಡತಿಯನ್ನು ಕೇಳಿದ.

"'ತೂಕಾನೇ ಕಾರಣ ಅನ್ಕೋಬೇಡಿ, ಮಗು ಶಾಲೇಲಿ ಎಲ್ಲಿ ಕೂರುತ್ತೆ, ಹೆಂಗಿರುತ್ತೆ, ಹೋಗಿ ನೋಡಿ' ಅಂದ್ರು. ನೋಡ್ಲಿ ಅಂತ ನಿನ್ನ ಎರಡು ಸಲ ಕಳಿಸ್ದೆ. ಮೊದಲನೇ ಸಲ ನೀನು ರೋಸ್ಕಾ ನೋಡ್ದೆ."

ಮರುದಿನ ಬೆಳಿಗ್ಗೆ ಅವನು ಕನ್ನಡಕ ಹಾಕಿಕೊಂಡೇ ತೂಕದ ಯಂತ್ರ ಹತ್ತಿದ. ಬಗ್ಗಿ ನೋಡಿದ. ಇಳಿದ. ಮತ್ತೆ ಹತ್ತಿದ. ಹತ್ತು ವರ್ಷದಿಂದ ಎಂಬತ್ತಾರು ಎಂದು ನಂಬಿದ್ದದ್ದು ತೊಂಬತ್ತಾರಾಗಿತ್ತು!

"ಎಷ್ಟಪ್ಪಾ?" ಎಂದು ಪಲೋಮಾ ಬಾಗಿಲಿನಿಂದ ಕೇಳಿದಳು.

"ಮೂಳೆ... ದಪ್ಪ," ಅಂದ.

ಮಧ್ಯಾಹ್ನ ಕಚೇರಿಯಲ್ಲಿ, ಸಹೋದ್ಯೋಗಿಗಳೆಲ್ಲ ಸುತ್ತ ಕೂತಿದ್ದಾಗ, ನಾರ್ಸಿಸೊ ಸೆಮಿತಾದ ಆಸೆಯಿಂದ ಡಬ್ಬಿ ತೆರೆದ. ಒಳಗೆ ಸೌತೆಕಾಯಿಯ ಮೂರು ಹೋಳು. ಪಕ್ಕದಲ್ಲಿ ಅವನದೇ ದುಂಡಗಿನ ಅಕ್ಷರದ ಹಳೆಯ ಚೀಟಿ: "ಹಸಿವು ಬುದ್ಧಿಯನ್ನು ಚುರುಕುಗೊಳಿಸುತ್ತದೆ. ನಿನ್ನ ಒಳ್ಳೆಯದಕ್ಕೇ." ಕೊನೆಯ "ಅಪ್ಪ" ಎಂಬುದನ್ನು ಮಾತ್ರ ಪೆನ್ನಿನಲ್ಲಿ ಹೊಡೆದುಹಾಕಿ, "ಗುಂಡಮ್ಮ" ಎಂದು ಬರೆದಿತ್ತು.