ಲಾಭ ಆಗೇದ್ರಿ, ಸಾಹೇಬ್ರ

ಖಾನಾವಳಿ ಇಟ್ಟವರ ಬಾಗಿಲಿಗೆ ಹಸಿದವರಷ್ಟೇ ಬರುತ್ತಾರೆ ಅಂತ ಯಾರೂ ತಿಳಿಯಬಾರದು. ನಮ್ಮಲ್ಲಿಗಂತೂ ಒಂದಿಲ್ಲೊಂದು ಫಜೀತಿ ಊಟದ ಹೊತ್ತಿಗೇ ಬಂದು ಕೂಡುತ್ತಿತ್ತು. ಧಾರವಾಡ ಬಿಟ್ಟು ಬಂದ ನಾನೂ ನಮ್ಮ ಮನೆಯವರೂ ಪುಣೆ ಕ್ಯಾಂಪಿನಲ್ಲಿ ಖಾನಾವಳಿ ನಡೆಸುತ್ತಿದ್ದೆವು. ಒಲೆ ನನ್ನದು, ಗಲ್ಲಾ ಅವರದು. ಯುದ್ಧದ ಕಾಲ, ಮಿಲಿಟರಿ ಆಫೀಸುಗಳ ಕಾರಕೂನರು ಒಂದು ಪಂಕ್ತಿ ಏಳುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿರುತ್ತಿದ್ದರು.

ರಾಯರ ಫೀ

ಗಳಿಕೆ ಹೆಚ್ಚಾದ ಮೇಲೆ ಇನ್‌ಕಮ್ ಟ್ಯಾಕ್ಸ್ ಬಂತು. ಅದರ ಕಾಗದವೆಲ್ಲ ಇಂಗ್ಲಿಷು. ನಮ್ಮಲ್ಲೇ ಉಣ್ಣುತ್ತಿದ್ದ ರಾಯರೊಬ್ಬರು, “ಆ ಕೆಲಸ ನನಗ ಬಿಡ್ರಿ ಅಕ್ಕಾರ” ಅಂದರು. ಕಾಗದ ಬರೆಯುವವರು ಅವರು, ನಾವು ಕೊಟ್ಟ ತೆರಿಗೆ ರೊಕ್ಕ ಒಯ್ದು ಕಟ್ಟುವವರೂ ಅವರೇ.

“ನಿಮ್ಮ ಫೀ ಎಷ್ಟ್ರಿ?” ಅಂತ ನಮ್ಮ ಮನೆಯವರು ಕೇಳಿದರು.

“ಮನಿ ಮಂದಿ ಹತ್ರ ಎಂಥಾ ಫೀ ರೀ? ಒಂದಿಷ್ಟು ರೊಟ್ಟಿ, ಎಣ್ಣಿಗಾಯಿ ಹಾಕ್ರಿ, ಸಾಕು.”

ಒಂದಿಷ್ಟು ಅಂದರೆ ಎಷ್ಟು ಅಂತ ಹೇಳಲಿಲ್ಲ. ಅವರು ಉಂಡು ಎದ್ದ ಮೇಲೆ ನಾನು ಮತ್ತೆ ಹಿಟ್ಟು ನಾದಲು ಕೂಡುತ್ತಿದ್ದೆ.

ಮೆಟ್ಟಿಲ ಮೇಲಿನವರು

ಒಂದು ದಿನ ಸರಕಾರಿ ಪ್ಯೂನ್ ನೋಟೀಸು ತಂದ. ಕೆಲವು ವರ್ಷಗಳ ತೆರಿಗೆ ಬಾಕಿ, ಮೇಲೆ ದಂಡ. ರಾಯರು ಒಂದು ಪೈಯನ್ನೂ ಕಟ್ಟಿರಲಿಲ್ಲ. ಇಬ್ಬರೂ ಅವರ ಖೋಲಿಗೆ ಓಡಿದೆವು. ಬೀಗ. ಮೆಟ್ಟಿಲ ಮೇಲೆ ಒಬ್ಬ ಟೇಲರ್, ಒಬ್ಬ ಮಿಠಾಯಿಯವ ತಮ್ಮ ಬಾಕಿಗಾಗಿ ಆಗಲೇ ಕಾದು ಕೂತಿದ್ದರು. ಸರಿದು ನಮಗೂ ಜಾಗ ಕೊಟ್ಟರು. ಮನೆ ಮಾಲಕರು ಹೊರಗೆ ಬಂದು ನಮ್ಮನ್ನು ನೋಡಿ ಮರಾಠಿಯಲ್ಲಿ ಕೇಳಿದರು: “ರಾಯರ ಖಾನಾವಳಿಯಲ್ಲಿ ಅಡುಗೆಗೆ ಇರುವವರು ನೀವೇ ಏನು? ನಿಮ್ಮ ಪಗಾರವನ್ನೂ ಬಾಕಿ ಇಟ್ಟಿದ್ದಾರೆಯೇ?”

ಸಾಹೇಬರ ಮುಂದೆ

ಟ್ಯಾಕ್ಸ್ ಆಫೀಸಿನ ಸಾಹೇಬರು ಧಾರವಾಡದ ಕಡೆ ನೌಕರಿ ಮಾಡಿ ಬಂದವರು, ಕನ್ನಡ ಬಲ್ಲವರು. ರಾಯರು ನಮ್ಮ ಹೆಸರಿನಲ್ಲಿ ಬರೆದಿದ್ದ, ಆಫೀಸಿನವರು ನಂಬದೆ ಬಿಟ್ಟ ಕಾಗದವನ್ನು ಓದಿ ಹೇಳಿದರು: “ಖಾನಾವಳಿ ನಷ್ಟದಾಗ ಅದ. ಅಡಿಗಿ ಛಲೋ ಇಲ್ಲ, ಒಮ್ಮೆ ಉಂಡವರು ತಿರುಗಿ ಬರೂದಿಲ್ಲ. ಉಳಿದದ್ದನ್ನ ಎಮ್ಮಿಗೆ ಹಾಕಬೇಕಾಗತದ.”

ಅಲ್ಲಿವರೆಗೆ ಹೆದರಿ ನಿಂತಿದ್ದೆ. ಎಮ್ಮೆಯ ಮಾತು ಬಂದದ್ದೇ ಹೆದರಿಕೆ ಎಲ್ಲಿ ಹೋಯಿತೋ.

“ಸುಳ್ಳ ರೀ ಸಾಹೇಬ್ರ. ಲಾಭ ಆಗೇದ. ಭಾಳ ಆಗೇದ.”

ನಮ್ಮ ಮನೆಯವರು ಮೊಣಕೈಯಿಂದ ತಿವಿದು, “ಸ್ವಲ್ಪ ಅಂತ ಹೇಳ” ಅಂದರು.

“ಯಾಕ ಸ್ವಲ್ಪ? ಪಂಕ್ತಿ ಮ್ಯಾಲ ಪಂಕ್ತಿ ಏಳತಾವ.”

ಸಾಹೇಬರು ಕನ್ನಡಕ ತೆಗೆದರು. “ಅಕ್ಕಾರ, ಇಲ್ಲಿಗೆ ಬಂದು ಲಾಭ ಹೆಚ್ಚು ಅಂತ ಜಗಳಾಡಿದವರು ನೀವೇ ಮೊದಲು. ಅಡಿಗಿ ಛಲೋ ಅದ ಅನ್ನಾಕ ಸಾಕ್ಷಿ?”

ಮೂಲೆಯ ಮೇಜಿನಿಂದ ಅವರದೇ ಕಾರಕೂನ ಎದ್ದು ನಿಂತ. “ನಾ ದಿನಾ ಅಲ್ಲೇ ಉಣ್ತೀನ್ರಿ.”

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾರ ಆ ಎಮ್ಮಿ ನೀನ ಏನು?” ಅಂದರು.

ಮೋಸ ಹೋದವರು ನಾವು, ನಿಜ ಹೇಳಿದೆವು ಅಂತ ದಂಡ ಬಹಳಷ್ಟು ಇಳಿಯಿತು. ತೆರಿಗೆ ಮಾತ್ರ ಕಟ್ಟಲೇಬೇಕಿತ್ತು, ಕಂತಿನಲ್ಲಿ. ನನ್ನ ಕೈಯ ಬಂಗಾರದ ಪಾಟಲಿ ಮಾರಿದೆವು, ಉಳಿದದ್ದನ್ನು ರೊಟ್ಟಿ ಬಡಿದೇ ತೀರಿಸಿದೆವು. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಅದನ್ನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಸರಕಾರದ ಗಿರಾಕಿ

ನಾವು ಕೊಟ್ಟ ಫಿರ್ಯಾದಿಯ ಮೇಲೆ ರಾಯರು ಪುಣೆ ಹತ್ತಿರದ ದೇಹೂ ರೋಡ್ ಎಂಬ ಊರಿನಲ್ಲಿ ಸಿಕ್ಕಿಬಿದ್ದರು. ಅಲ್ಲಿ ಇನ್ನೊಬ್ಬ ಅಂಗಡಿಕಾರನ ತೆರಿಗೆ ಕಾಗದ ಬರೆಯುತ್ತ ಕೂತಿದ್ದರಂತೆ. ಅವರನ್ನು ನಮ್ಮ ಓಣಿಯ ಪೊಲೀಸ್ ಚೌಕಿಗೆ ತಂದರು. ಮಧ್ಯಾಹ್ನ ಹವಾಲ್ದಾರ ಬಂದು, ಕೈದಿಗೆ ಊಟ ಬೇಕು, ರೊಕ್ಕ ಸರಕಾರ ಕೊಡುತ್ತದೆ ಅಂದ.

“ಅವಗ ಒಂದು ತುತ್ತೂ ಕೊಡಬ್ಯಾಡ” ಅಂದರು ನಮ್ಮ ಮನೆಯವರು.

“ಕೆಟ್ಟ ಅಡಿಗಿ ಅಂತ ಬರದಾನಲ್ಲ, ಉಂಡು ಹೇಳಲಿ” ಅಂತ ನಾನು ಬಿಸಿ ರೊಟ್ಟಿ, ಎಣ್ಣೆಗಾಯಿ ಕಟ್ಟಿ ಕಳಿಸಿದೆ.

ಡಬ್ಬಿ ತೊಳೆದ ಹಾಗೆ ಖಾಲಿಯಾಗಿ ಬಂತು. ಹಿಂದೆಯೇ ಬಂದ ಹವಾಲ್ದಾರ, ಕೈದಿ ಇನ್ನೂ ರೊಟ್ಟಿ ಕೇಳುತ್ತಿದ್ದಾರೆ ಅಂದ. ಅದನ್ನೂ ಕಳಿಸಿದೆ. ಚೌಕಿಯಲ್ಲಿದ್ದಷ್ಟು ದಿನವೂ ಅವರ ಊಟ ನಮ್ಮದೇ, ರೊಕ್ಕ ಸರಕಾರದ್ದು.

ಆ ವರ್ಷ ನಾವೇ ಟ್ಯಾಕ್ಸ್ ಆಫೀಸಿಗೆ ಹೋಗಿ ಕಾಗದ ಬರೆಸಿದೆವು. ಎಲ್ಲ ಮುಗಿದ ಮೇಲೆ ಸಾಹೇಬರು, “ಬ್ಯಾರೆ ಗಳಿಕಿ ಏನರ ಅದ ಏನ್ರಿ?” ಅಂದರು.

“ಅದ ರೀ” ಅಂದೆ. “ರಾಯರಿಂದ ಒಂದಷ್ಟು ಲಾಭ ಆಗೇದ. ಅದನ್ನೂ ಬರಕೋರಿ.”