ಮಾವನವರಿಗೊಂದು ಅಲಂಕಾರ

ಮಾವನ ಮೊದಲ ಪುಣ್ಯತಿಥಿಗೆ ತಾನೇ ಭಾಷಣ ಮಾಡುವುದೆಂದು ಚಂದ್ರಕಾಂತ ಪಣ ತೊಟ್ಟ. ರಕ್ಷಣಾ ಕಾರ್ಖಾನೆಯಲ್ಲಿ ಗುಮಾಸ್ತನಾದರೂ ಅಲಂಕಾರಶಾಸ್ತ್ರವನ್ನು ಅರೆದು ಕುಡಿದವನು. ಉಪಮೆಯಿಲ್ಲದೆ ಉಪ್ಪಿಟ್ಟನ್ನೂ ಕೇಳುವವನಲ್ಲ!

"ಅವ್ವ ಇನ್ನೂ ಅಳೋದು ನಿಲ್ಲಿಸಿಲ್ರಿ. ಎರಡು ಮಾತು ಸಾಕು," ಎಂದಳು ಹೆಂಡತಿ ವಿಜಯಶ್ರೀ.

"ಎರಡು ಮಾತಿನ್ಯಾಗ ನಿಮ್ಮಪ್ಪ ಹಿಡಸ್ತಾರೇನ?"

ಮಾವ ಬಂಡೆಪ್ಪನವರು ಬೇಗಂ ಬಜಾರಿನಲ್ಲಿ ಕಿರಾಣಿ ಅಂಗಡಿ ನಡೆಸಿದವರು. ಪುಣ್ಯತಿಥಿಯ ದಿನ ಬಜಾರಿನ ಅರ್ಧ ವ್ಯಾಪಾರಿಗಳು ಅವರ ಮನೆಯಂಗಳದಲ್ಲಿ ಕುಳಿತಿದ್ದರು. ಚಂದ್ರಕಾಂತ ಮೈಕು ಹಿಡಿದ.

"ನಮ್ಮ ಮಾವನವರು ಬೇಗಂ ಬಜಾರಿನ ಹುಲಿ!"

ಇದು ರೂಪಕ. ಅತ್ತೆ ಶಾರದಾಬಾಯಿ ಮಗಳ ಕಡೆ ಬಾಗಿ, "ಬೆಕ್ಕಿಗೂ ಅಂಜತಿದ್ರಲ್ಲ," ಎಂದರು.

"ತೂಕದಲ್ಲಿ ಅವರನ್ನು ಮೀರಿಸಿದವರಿಲ್ಲ!"

ಇದು ಶ್ಲೇಷೆ. ವ್ಯಕ್ತಿತ್ವದ ತೂಕವೂ ಹೌದು, ತಕ್ಕಡಿಯದೂ ಹೌದು. ಹಿಂದಿನ ಸಾಲಿನ ವ್ಯಾಪಾರಿಗಳು ತಕ್ಕಡಿಯದನ್ನೇ ಹಿಡಿದು, ತೂಕದ ಮೋಸದ ಮಾತೆಂದು ಕಿಸಕ್ಕೆಂದರು. ಈಗ ಅಂಗಡಿ ನೋಡಿಕೊಳ್ಳುತ್ತಿದ್ದ ಭಾವಮೈದುನ ಸೂರಜನ ಮುಖ ಕೆಂಪಾಯಿತು.

ಕೆಟ್ಟದ್ದನ್ನು ಸರಿಪಡಿಸಲು ಚಂದ್ರಕಾಂತ ನಿಂದಾಸ್ತುತಿಗೆ ಕೈಹಾಕಿದ. ಅಂದರೆ, ಬೈದಂತೆ ಮಾಡಿ ಹೊಗಳುವುದು.

"ನಿಜ ಹೇಳ್ತೀನಿ. ನಮ್ಮ ಮಾವ ಮಹಾ ಕಳ್ಳ!"

ಜನ ಬೆರಗಾಗಲೆಂದು ತುಸು ತಡೆದ. ತಡೆದದ್ದೇ ತಪ್ಪಾಯಿತು. "ಚೋರ್ ಬೋಲೇ ಕ್ಯಾ?" ಕಳ್ಳ ಅಂದರೇ ಎಂದು ಕನ್ನಡ ಅರೆಬರೆ ಬಲ್ಲ ವ್ಯಾಪಾರಿಯೊಬ್ಬ ಪಕ್ಕದವನನ್ನು ಕೇಳಿದ. ಸೂರಜ್ ಎದ್ದು ಬಂದು ಮೈಕು ಕಿತ್ತುಕೊಂಡ. 'ಎಲ್ಲರ ಮನಸ್ಸು ಕದ್ದವರು' ಎಂಬ ಉಳಿದರ್ಧ ಗದ್ದಲದಲ್ಲಿ ಮುಳುಗಿಹೋಯಿತು. ಶಾರದಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ನಡೆದರು.

ಚಂದ್ರಕಾಂತ ಅಡುಗೆಮನೆಗೆ ಓಡಿದ. "ಅತ್ತೀ, ಅದು ನಿಂದಾಸ್ತುತಿ ರೀ!"

"ನಿಂದಾ ಎಲ್ಲಾರಿಗೂ ಕೇಳಿಸ್ತು, ಅಳಿಯಂದ್ರ. ಸ್ತುತಿ ಎಲ್ಲೈತಿ?"

ಅವರ ಕಣ್ಣು ತುಂಬಿದ್ದವು. "ತಪ್ಪಾತ್ರಿ," ಎಂದು ಕೈಮುಗಿದ.

ಶಾರದಾಬಾಯಿ ಒಲೆಯನ್ನೇ ನೋಡುತ್ತ ನಿಂತರು. "ಹುಲಿ ಅಂದ್ರಿ, ಕಳ್ಳ ಅಂದ್ರಿ. ಅವರು ಯಾರಂಗೂ ಇರಲಿಲ್ರಿ. ಅವರಂಗ ಅವರೇ ಇದ್ರು."

ಚಂದ್ರಕಾಂತ ಬೆಚ್ಚಿದ. ಹೋಲಿಕೆಗೆ ಬೇರೇನೂ ಸಿಗದೆ ಒಂದನ್ನು ಅದಕ್ಕೇ ಹೋಲಿಸುವುದು ಅನನ್ವಯಾಲಂಕಾರ! ವಾರವೆಲ್ಲ ತಡಕಾಡಿದರೂ ತನಗೆ ಸಿಗದ ಮಾತು. ಅವನ ಬಾಯಿ ತಾನಾಗಿ ತೆರೆಯಿತು.

ಬಾಗಿಲಲ್ಲಿ ನಿಂತಿದ್ದ ವಿಜಯಶ್ರೀ ಕೇಳಿದಳು: "ಇದಕ್ಕೂ ಏನರ ಹೆಸರೈತೇನ್ರಿ?"

"ಇಲ್ಲ," ಎಂದು ಸುಳ್ಳು ಹೇಳಿ, ಚಂದ್ರಕಾಂತ ಊಟದ ಎಲೆ ಹಾಕಲು ಹೊರಟ.